ಬಿಸಿಲಿಗೆ ಚರ್ಮ ಕಪ್ಪಾಗುತ್ತದೆ, ಕಣ್ಣು ಯಾಕೆ ಆಗುವುದಿಲ್ಲ? ಮನೆಯಲ್ಲೇ ನೋಡಿ ತಿಳಿಯಲು ಏಳು ಹಂತ

ಬೇಸಿಗೆ ಶುರುವಾದರೆ ಸಾಕು, ಓದುಗರಿಂದ ಅದೇ ಪ್ರಶ್ನೆಗಳು. "ಟ್ಯಾನ್ ಎಷ್ಟು ದಿನಕ್ಕೆ ಹೋಗುತ್ತೆ?" "ಸನ್‌ಸ್ಕ್ರೀನ್ ಹಚ್ಚಿದರೂ ಬಂಗು ಯಾಕೆ ಜಾಸ್ತಿ ಆಗ್ತಿದೆ?" "ಮಗುವನ್ನು ಬಿಸಿಲಿಗೆ ಹಿಡಿದರೆ ಕಣ್ಣಿನ ಬಣ್ಣ ಬದಲಾಗುತ್ತಾ?" ಒಂದೊಂದಕ್ಕೂ ಬೇರೆ ಬೇರೆಯಾಗಿ ಬರೆದು ಸಾಕಾಗಿದೆ. ಇವೆಲ್ಲದರ ಬುಡ ಒಂದೇ. ಬೆಳಕು ಬಿದ್ದಾಗ ಮೆಲನಿನ್ ಎಂಬ ಬಣ್ಣದ ವಸ್ತು ಏನು ಮಾಡುತ್ತದೆ, ಎಷ್ಟು ಹೊತ್ತಿಗೆ ಮಾಡುತ್ತದೆ ಅನ್ನುವುದು ಗೊತ್ತಾದರೆ ಉಳಿದದ್ದಕ್ಕೆ ನೀವೇ ಉತ್ತರ ಹೇಳಿಕೊಳ್ಳಬಹುದು.

ಮೊದಲೇ ಹೇಳಿಬಿಡುತ್ತೇನೆ, ಇದು ಬೆಳ್ಳಗಾಗುವ ಉಪಾಯ ಅಲ್ಲ. ಹುಟ್ಟಿನಿಂದ ಬಂದ ಬಣ್ಣವನ್ನು ಬದಲಿಸುವ ವಿದ್ಯೆ ಇಲ್ಲಿಲ್ಲ, ಬೇಕಾಗಿಯೂ ಇಲ್ಲ.

ಬೇಕಾಗುವ ಸಾಮಾನು ಇಷ್ಟೇ: ಕಿಟಕಿ ಪಕ್ಕ ಒಂದು ಕನ್ನಡಿ, ಕ್ಯಾಮೆರಾ ಇರುವ ಮೊಬೈಲ್, ಮನೆಯಲ್ಲಿರುವ ಸನ್‌ಸ್ಕ್ರೀನ್ ಟ್ಯೂಬು, ನೀವು ಹಾಕುವ ಕೂಲಿಂಗ್ ಗ್ಲಾಸು. ಜೊತೆಗೆ ಎರಡು ತಿಂಗಳ ತಾಳ್ಮೆ.

ಶುರು ಮಾಡುವ ಮುಂಚೆ: ಮೆಲನಿನ್ ಅಂದರೇನು

ಚರ್ಮದ ಮೇಲ್ಪದರದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಮೆಲನಿನ್ ಎಂಬ ಬಣ್ಣ ತಯಾರಾಗುವುದು ಅಲ್ಲಿ. ತಯಾರಾದ ಬಣ್ಣವನ್ನು ಅವು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಸುತ್ತಲಿನ ಚರ್ಮದ ಕೋಶಗಳಿಗೆ ಹಂಚುತ್ತವೆ. ಒಂದು ಮೆಲನೊಸೈಟ್ ಸುಮಾರು 36 ಕೋಶಗಳಿಗೆ ಬಣ್ಣ ಕೊಡುತ್ತದೆ. ಪೊಟ್ಟಣ ತಗೊಂಡ ಕೋಶ ಅದನ್ನು ತನ್ನ ನ್ಯೂಕ್ಲಿಯಸ್ ಮೇಲೆ ಇಟ್ಟುಕೊಳ್ಳುತ್ತದೆ, ಗದ್ದೆಯಲ್ಲಿ ಕೆಲಸ ಮಾಡುವವರು ತಲೆ ಮೇಲೆ ಟವೆಲ್ ಹಾಕಿಕೊಂಡ ಹಾಗೆ. ಡಿಎನ್‌ಎ ಇರುವುದು ಅಲ್ಲೇ. ಅದಕ್ಕೆ ಬಿಸಿಲು ತಾಗಬಾರದು ಅಂತ ಈ ಏರ್ಪಾಡು.

ಬೆಳ್ಳಗಿರುವವರಿಗೆ ಮೆಲನೊಸೈಟ್ ಕಡಿಮೆ, ಕಪ್ಪಗಿರುವವರಿಗೆ ಜಾಸ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಎಣಿಕೆ ಎಲ್ಲರಲ್ಲೂ ಹೆಚ್ಚೂಕಡಿಮೆ ಒಂದೇ. ಪೊಟ್ಟಣ ಎಷ್ಟು ದೊಡ್ಡದು, ಅದರೊಳಗೆ ಯಾವ ಬಣ್ಣ, ಅದು ಎಷ್ಟು ಬೇಗ ಕರಗುತ್ತದೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಕಂದು-ಕಪ್ಪು ಬಣ್ಣದ್ದು ಯುಮೆಲನಿನ್. ಕೆಂಪು-ಹಳದಿಯದು ಫಿಯೊಮೆಲನಿನ್. ನಮ್ಮಲ್ಲಿ ಮೊದಲನೆಯದೇ ಜಾಸ್ತಿ.

ಇನ್ನೊಂದು ಗೊಂದಲ: ಮೆಲನಿನ್ ಬೇರೆ, ಮೆಲಟೋನಿನ್ ಬೇರೆ. ಎರಡನೆಯದು ನಿದ್ದೆಗೆ ಸಂಬಂಧಿಸಿದ ಹಾರ್ಮೋನು. ನಿದ್ದೆಗೆಂದು ಮಾರುವ ಮೆಲಟೋನಿನ್ ಮಾತ್ರೆ ನುಂಗಿದರೆ ಚರ್ಮದ ಬಣ್ಣ ಹೆಚ್ಚುವುದೂ ಇಲ್ಲ, ಕಮ್ಮಿಯಾಗುವುದೂ ಇಲ್ಲ.

ಹಂತ 1: ನಿಮ್ಮ ಮೂಲ ಬಣ್ಣ ಗುರುತಿಸಿ

ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ನಿಂತು ಕೈ ಮೇಲೆತ್ತಿ, ತೋಳಿನ ಒಳಭಾಗ ನೋಡಿ. ಕಂಕುಳಿಗಿಂತ ಸ್ವಲ್ಪ ಕೆಳಗೆ. ಅದು ನಿಮ್ಮ ಹುಟ್ಟುಬಣ್ಣ. ಈಗ ಮುಂಗೈ ನೋಡಿ. ವಾಚ್ ಬಿಚ್ಚಿ, ಪಟ್ಟಿಯ ಕೆಳಗಿನದನ್ನೂ ನೋಡಿ. ತೋಳಿನ ಒಳಭಾಗಕ್ಕೂ ಮುಂಗೈಗೂ ನಡುವಿನ ಅಂತರ ಎಷ್ಟಿದೆಯೋ ಅಷ್ಟೇ ಬಿಸಿಲು ಹಾಕಿದ ಬಣ್ಣ. ನೀವು ಏನೇ ಮಾಡಿದರೂ ಇಳಿಯುವುದು ಆ ಅಂತರ ಮಾತ್ರ. ತೋಳಿನ ಒಳಗಿನ ಬಣ್ಣಕ್ಕಿಂತ ತಿಳಿಯಾಗಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎರಡೂ ಜಾಗದ ಫೋಟೊ ತೆಗೆದಿಡಿ. ಅದೇ ಕಿಟಕಿ, ಅದೇ ಹೊತ್ತು, ಬ್ಯೂಟಿ ಮೋಡ್ ಆಫ್. ಇದನ್ನು ಮರೆತವರೇ ಜಾಸ್ತಿ. ಆಮೇಲೆ "ಏನೂ ಕಮ್ಮಿ ಆಗಿಲ್ಲ" ಅಂತ ಬರೆಯುತ್ತಾರೆ.

ಡಾಕ್ಟರುಗಳು ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುತ್ತಾರೆ. 1975ರಲ್ಲಿ ಫಿಟ್ಸ್‌ಪ್ಯಾಟ್ರಿಕ್ ಎಂಬ ಅಮೆರಿಕದ ವೈದ್ಯರು ಮಾಡಿದ ಅಳತೆ ಅದು. ಮೊದಲು ಬಿಳಿಯರಿಗಷ್ಟೇ ಇದ್ದದ್ದು, ಕಂದು ಮತ್ತು ಕಪ್ಪು ಚರ್ಮದ 5, 6ನೇ ಬಗೆ ಆಮೇಲೆ ಸೇರಿದ್ದು. ನಮ್ಮಲ್ಲಿ ಬಹಳ ಜನ 4 ಅಥವಾ 5ನೇ ಬಗೆಯವರು. ಅಂದರೆ ನಮ್ಮ ಚರ್ಮ ಸುಡುವುದು ಕಮ್ಮಿ, ಕಪ್ಪಾಗುವುದು ಬೇಗ, ಆದ ಕಲೆ ಹೋಗುವುದು ನಿಧಾನ. ಬಿಳಿಯರಿಗೆಂದು ಬರೆದ ಸಲಹೆ ನಮಗೆ ಪೂರ್ತಿ ಹೊಂದದೇ ಇರುವುದು ಇದಕ್ಕೇ.

ಹಂತ 2: ಕಪ್ಪಾಗುವುದರ ಟೈಂ ಟೇಬಲ್ ತಿಳಿಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಭಾನುವಾರ ಗೋಕರ್ಣದ ಕಡಲ ತೀರದಲ್ಲಿ ಮೂರು ಗಂಟೆ ಕಳೆದಿರಿ ಅಂತಿಟ್ಟುಕೊಳ್ಳಿ. ಅಲ್ಲಿರುವಾಗಲೇ ಮುಖ ಕಂದಿರುತ್ತದೆ. ಇದಕ್ಕೆ ಯುವಿ-ಎ ಕಾರಣ. ಅತಿನೇರಳೆ (ಯುವಿ) ಕಿರಣಗಳಲ್ಲಿ 320ರಿಂದ 400 ನ್ಯಾನೊಮೀಟರ್ ಉದ್ದದ ಅಲೆಗಳವು, ಚರ್ಮದೊಳಗೆ ಆಳಕ್ಕೆ ಇಳಿಯುತ್ತವೆ. ಹೊಸ ಮೆಲನಿನ್ ಇನ್ನೂ ಹುಟ್ಟಿಲ್ಲ. ಮೊದಲೇ ಇದ್ದದ್ದು ಬೆಳಕು ತಾಗಿ ಬಣ್ಣ ಗಾಢ ಮಾಡಿಕೊಂಡಿದೆ, ಅಷ್ಟೇ. ಇದರಲ್ಲಿ ಬಹಳಷ್ಟು ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ.

ಸೋಮವಾರ ಉರಿ. ಅದು ಯುವಿ-ಬಿ ಕೆಲಸ. ಅಲೆ ಚಿಕ್ಕದು, ಚರ್ಮದ ಮೇಲ್ಪದರದಲ್ಲೇ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಕಂದು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು, ಮುಟ್ಟಿದರೆ ಬಿಸಿ ಗೊತ್ತಾಗುತ್ತದೆ.

ನಿಜವಾದ ಟ್ಯಾನ್ ಶುರುವಾಗುವುದು ಮಂಗಳವಾರ, ಬುಧವಾರ. ಪೆಟ್ಟು ತಿಂದ ಚರ್ಮದ ಕೋಶಗಳು ಮೆಲನೊಸೈಟ್‌ಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿ ಟೈರೋಸಿನೇಸ್ ಎಂಬ ಕಿಣ್ವ ಕೆಲಸ ಶುರು ಮಾಡುತ್ತದೆ, ಹೊಸ ಬಣ್ಣ ತಯಾರಾಗಿ ಹಂಚಿಕೆಯಾಗುತ್ತದೆ. ಇದು ವಾರ, ಹತ್ತು ದಿನ ಏರುತ್ತಲೇ ಇರುತ್ತದೆ.

ಅಂದರೆ ಇವತ್ತು ಕನ್ನಡಿಯಲ್ಲಿ ಕಾಣುವ ಕಪ್ಪು ಇವತ್ತಿನ ಬಿಸಿಲಿನದ್ದಲ್ಲ. ಹೋದ ವಾರದ್ದು. ಸೋಮವಾರ ಪಾರ್ಲರಿಗೆ ಹೋಗಿ ಡಿ-ಟ್ಯಾನ್ ಮಾಡಿಸಿಕೊಂಡು, ಬುಧವಾರ ಮತ್ತೆ ಕಪ್ಪಾಯ್ತು ಅಂತ ಬೇಜಾರು ಮಾಡಿಕೊಳ್ಳುತ್ತೀರಲ್ಲ, ಅಲ್ಲಿ ಆದದ್ದು ಇದೇ. ಬಣ್ಣ ಇನ್ನೂ ದಾರಿಯಲ್ಲಿತ್ತು.

ತಪ್ಪು ಮಾಡಬೇಡಿ: ಒಮ್ಮೆ ಟ್ಯಾನ್ ಆದರೆ ಚರ್ಮ ಗಟ್ಟಿಯಾಯಿತು, ಇನ್ನು ಬಿಸಿಲು ಏನೂ ಮಾಡಲ್ಲ ಅನ್ನುವ ನಂಬಿಕೆ ಇದೆ. ಟ್ಯಾನ್ ಕೊಡುವ ರಕ್ಷಣೆಯನ್ನು ಸನ್‌ಸ್ಕ್ರೀನ್ ಲೆಕ್ಕದಲ್ಲಿ ಹೇಳಿದರೆ ಎಸ್‌ಪಿಎಫ್ 3ರ ಆಸುಪಾಸು. ಅಷ್ಟು ಕಡಿಮೆಯದ್ದು ಅಂಗಡಿಯಲ್ಲಿದ್ದರೆ ನೀವೇ ಕೊಳ್ಳುತ್ತಿರಲಿಲ್ಲ.

ಹಂತ 3: ಬಿಸಿಲನ್ನು ಸೆಖೆಯಿಂದ ಅಳೆಯಬೇಡಿ

ಸೆಖೆ ಬೇರೆ, ಅತಿನೇರಳೆ ಬೇರೆ. ಮೈಗೆ ಬಿಸಿ ತಾಗಿಸುವ ಕಿರಣ ಇನ್ನೊಂದು ಜಾತಿಯದು. ಯುವಿ ತಾಗುವಾಗ ಏನೂ ಗೊತ್ತಾಗುವುದಿಲ್ಲ. ಬೆಂಗಳೂರಿನವರು ಮೋಸ ಹೋಗುವುದು ಇಲ್ಲೇ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಂಪಾಗಿದೆ. ಆದರೆ ಸಾವಿರ ಮೀಟರ್ ಮೇಲೇರಿದರೆ ಯುವಿ ಸುಮಾರು ಶೇ 10ರಷ್ಟು ಜಾಸ್ತಿಯಾಗುತ್ತದೆ. ಮುಳ್ಳಯ್ಯನಗಿರಿ 1,900 ಮೀಟರ್‌ಗೂ ಎತ್ತರ. ಅಲ್ಲಿ ಸ್ವೆಟರ್ ಹಾಕಿಕೊಂಡೇ ಮುಖ ಕಪ್ಪು ಮಾಡಿಕೊಂಡು ಬರಬಹುದು.

ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ಅಂತ ಒಂದು ಸಂಖ್ಯೆ ಇರುತ್ತದೆ. 2ರವರೆಗೆ ಚಿಂತೆ ಇಲ್ಲ. 3 ಮುಟ್ಟಿದರೆ ಮರೆ ಬೇಕು. 8ರಿಂದ 10 ಬಹಳ ಜಾಸ್ತಿ, 11 ಮತ್ತು ಅದಕ್ಕೂ ಮೇಲೆ ವಿಪರೀತ. ಕರ್ನಾಟಕದಲ್ಲಿ ಮಾರ್ಚ್‌ನಿಂದ ಮೇವರೆಗೆ ನಡುಮಧ್ಯಾಹ್ನ 11 ದಾಟುವುದು ಮಾಮೂಲಿ.

ಆ್ಯಪ್ ಇಲ್ಲದಿದ್ದರೆ ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಯುವಿ ಜೋರಾಗಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಗಡಿಯಾರದ 12ಕ್ಕೆ ಅಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ. ಮಂಗಳೂರಿನ ಕಡೆ ಇನ್ನೂ ಹತ್ತು ನಿಮಿಷ ತಡ. ಆಗಸ್ಟ್ ತಿಂಗಳನ್ನು ಮಳೆಗಾಲ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ. ತೆಳು ಮೋಡದ ಮೂಲಕ ಯುವಿಯ ಬಹುಪಾಲು ಕೆಳಗಿಳಿಯುತ್ತದೆ.

ಹಂತ 4: ಬೆಳಕಿಗೆ ಅಡ್ಡ ಹಾಕಿ

ಮೊದಲು ಬಟ್ಟೆ, ಆಮೇಲೆ ಟ್ಯೂಬು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಕಂಡರೆ ಯುವಿಯೂ ಒಳಗೆ ಬರುತ್ತದೆ. ಒತ್ತಾದ ನೇಯ್ಗೆ, ಗಾಢ ಬಣ್ಣ ಒಳ್ಳೆಯದು. ಬೆವರಿಗೆ ಒದ್ದೆಯಾದ ತೆಳು ಬಿಳಿ ಅಂಗಿ ಇದ್ದೂ ಇಲ್ಲದ ಹಾಗೆ. ಟೋಪಿಗೆ ಸುತ್ತ ಮೂರು ಇಂಚಿನ ಅಂಚು ಇರಲಿ. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ ನನಗೆ ಬಹಳ ಇಷ್ಟ, ನೆತ್ತಿಗೆ ಅದರಷ್ಟು ತಂಪು ಯಾವುದೂ ಇಲ್ಲ. ಆದರೆ ಕಿವಿ, ಕತ್ತು ಕಾಯುವುದು ಅದರ ಕೈಲಿ ಆಗುವುದಿಲ್ಲ.

ಗಾಜಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಾಮೂಲಿ ಕಿಟಕಿ ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯ ಬಹುಪಾಲನ್ನು ಬಿಡುತ್ತದೆ. ಸುಡುವುದಿಲ್ಲ, ಆದರೆ ಕಪ್ಪಾಗುತ್ತದೆ. 28 ವರ್ಷ ಟ್ರಕ್ ಓಡಿಸಿದ ಅಮೆರಿಕದ ಒಬ್ಬ ಚಾಲಕರ ಫೋಟೊ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಕಿಟಕಿ ಕಡೆಯ ಎಡಗೆನ್ನೆ ದಪ್ಪಗಾಗಿ ಸುಕ್ಕುಗಟ್ಟಿತ್ತು, ಬಲಗೆನ್ನೆ ಎಷ್ಟೋ ಚೆನ್ನಾಗಿತ್ತು. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿದೆ. ಯಾವುದಾದರೂ ಹಳೇ ಬಸ್ ಡ್ರೈವರ ಎರಡೂ ಮುಂಗೈ ಅಕ್ಕಪಕ್ಕ ಇಟ್ಟು ನೋಡಿ, ಬಲಗೈ ಬೇರೆಯವರದ್ದೇನೋ ಅನ್ನಿಸುತ್ತದೆ. ಕಾರಿನ ಮುಂದಿನ ಗಾಜು ಎರಡು ಪದರದ್ದು, ಅದು ಯುವಿ-ಎಯನ್ನೂ ಬಹಳಷ್ಟು ತಡೆಯುತ್ತದೆ. ತೊಂದರೆ ಪಕ್ಕದ ಗಾಜಿನದು. ಬೈಕ್ ಸವಾರರು ಹಾಕುವ ಕೈತೋಳು ಕಾರಿನಲ್ಲೂ ಹಾಕಿಕೊಳ್ಳಿ, ನಾಚಿಕೆ ಏನು?

ಈಗ ಸನ್‌ಸ್ಕ್ರೀನ್. ಟ್ಯೂಬಿನ ಮೇಲೆ ಎಲ್ಲರೂ ನೋಡುವುದು ಎಸ್‌ಪಿಎಫ್. ಅದು ಸುಡುವುದನ್ನು ಅಳೆಯುವ ಸಂಖ್ಯೆ, ಮುಖ್ಯವಾಗಿ ಯುವಿ-ಬಿಗೆ. 30 ಇದ್ದರೆ ಸುಮಾರು ಶೇ 97 ತಡೆ, 50 ಇದ್ದರೆ ಶೇ 98. ಅಷ್ಟೇ ವ್ಯತ್ಯಾಸ. ನಿಮ್ಮ ದೂರು ಕಪ್ಪಾಗುವುದು ಅಲ್ವಾ? ಹಾಗಾದರೆ ಪಕ್ಕದಲ್ಲಿರುವ ಪಿಎ ಗುರುತು ನೋಡಿ. ಜಪಾನಿನ ಪದ್ಧತಿ ಅದು, ಯುವಿ-ಎಯಿಂದ ಚರ್ಮ ಕಪ್ಪಾಗುವುದನ್ನೇ ಅಳೆದು ಕೊಡುವ ಅಂಕ. ಮೂರು ಅಥವಾ ನಾಲ್ಕು ಪ್ಲಸ್ ಇರುವುದನ್ನು ತಗೊಳ್ಳಿ.

ಮುಖಕ್ಕೆ, ಕತ್ತಿಗೆ ಸೇರಿ ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು ಬೇಕು. ತೂಕದಲ್ಲಿ ಸುಮಾರು ಒಂದು ಗ್ರಾಂ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ದಿನಕ್ಕೆ ಎರಡೇ ಸಲ ಅಂದರೂ 50 ಗ್ರಾಂ ಟ್ಯೂಬು 25 ದಿನಕ್ಕೆ ಮುಗಿಯಬೇಕು. ನಿಮ್ಮ ಮನೆಯ ಟ್ಯೂಬು ದೀಪಾವಳಿಗೆ ತಂದದ್ದು ಯುಗಾದಿಗೂ ಉಳಿದಿದೆಯಾ? ಹಾಗಿದ್ದರೆ ನೀವು ಹಚ್ಚಿದ್ದು ಎಸ್‌ಪಿಎಫ್ 50 ಅಲ್ಲ, ಅದರ ಹೆಸರು ಮಾತ್ರ.

ಬಂಗು ಇರುವವರಿಗೆ: ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ನಕ್ಷೆಯ ಹಾಗೆ ಬರುವ ಕಂದು ಕಲೆಗೆ ಡಾಕ್ಟರು ಮೆಲಾಸ್ಮಾ ಅನ್ನುತ್ತಾರೆ. ಬಸುರಿಯಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವಾಗ ಹೆಚ್ಚು. ಇದನ್ನು ಕೆರಳಿಸಲು ಯುವಿಯೇ ಬೇಕಾಗಿಲ್ಲ. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ-ನೇರಳೆ ಭಾಗ, ಕಂದು ಚರ್ಮವನ್ನು ಕಪ್ಪು ಮಾಡುತ್ತದೆ. ಅಷ್ಟೇ ಬೆಳಕಿಗೆ ಬಿಳಿ ಚರ್ಮ ಹಾಗೆ ಕಪ್ಪಾಗುವುದಿಲ್ಲ. ಮಾಮೂಲಿ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ. "ಹಚ್ಚಿದರೂ ಜಾಸ್ತಿ ಆಗ್ತಿದೆ" ಅನ್ನುವವರು ಇದನ್ನು ಗಮನಿಸಿ. ಟಿಂಟೆಡ್ ಅಂತ ಬರೆದಿರುವ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೇಳಿ. ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಅದೇ ವಸ್ತು. ಮೊಬೈಲ್ ಪರದೆಯ ನೀಲಿ ಬೆಳಕಿಗೆ ಹೆದರಬೇಡಿ, ಸೂರ್ಯನ ಮುಂದೆ ಅದು ಲೆಕ್ಕಕ್ಕಿಲ್ಲ.

ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಬೇಡ. ನೆರಳು, ಬಟ್ಟೆ ಸಾಕು.

ವಿಟಮಿನ್ ಡಿ ಬಗ್ಗೆಯೂ ಕೇಳುತ್ತೀರಿ. ಅದಕ್ಕೆ ಯುವಿ-ಬಿ ಬೇಕು, ಗಾಜಿನ ಹಿಂದೆ ಕೂತರೆ ಸಿಗುವುದಿಲ್ಲ. ಗಾಢ ಬಣ್ಣದವರಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಮುಖವನ್ನೇ ಒಡ್ಡಬೇಕು ಅಂತೇನಿಲ್ಲ, ಕೈಕಾಲು ಒಡ್ಡಿದರೂ ಆಗುತ್ತದೆ.

ಹಂತ 5: ಕಾಯಿರಿ, ಉಜ್ಜಬೇಡಿ

ಚರ್ಮದ ಮೇಲ್ಪದರ ಬದಲಾಗಲು ಸುಮಾರು ನಾಲ್ಕು ವಾರ ಬೇಕು. ಬಣ್ಣ ತುಂಬಿಕೊಂಡ ಕೋಶಗಳು ನಿಧಾನಕ್ಕೆ ಮೇಲೆ ಬಂದು ಉದುರುತ್ತವೆ. ಹೊಸ ಬಿಸಿಲು ತಾಗದಂತೆ ನೋಡಿಕೊಂಡರೆ ಒಂದೆರಡು ತಿಂಗಳಲ್ಲಿ ಟ್ಯಾನ್ ಎದ್ದು ಕಾಣುವಷ್ಟು ಇಳಿಯುತ್ತದೆ. ಹಂತ 1ರ ಫೋಟೊ ಈಗ ತೆಗೆದು ಹೋಲಿಸಿ.

ಈ ಎರಡು ತಿಂಗಳಲ್ಲಿ ಜನ ಮಾಡುವ ಅನಾಹುತಗಳೇ ದೊಡ್ಡವು.

ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು. ನಿಂಬೆಯಲ್ಲಿ ಇರುವ ಕೆಲವು ವಸ್ತುಗಳು ಯುವಿ-ಎ ತಾಗಿದರೆ ಚರ್ಮವನ್ನು ಸುಡುತ್ತವೆ. ಮೊದಲು ಗುಳ್ಳೆ, ಆಮೇಲೆ ರಸ ಹರಿದ ಆಕಾರಕ್ಕೇ ಕಪ್ಪು ಕಲೆ. ತಿಂಗಳುಗಟ್ಟಲೆ ಹೋಗುವುದಿಲ್ಲ. ಕಪ್ಪು ತೆಗೆಯಲು ಹೋಗಿ ಕಪ್ಪು ಹಾಕಿಸಿಕೊಂಡ ಹಾಗೆ.

ನೈಲಾನ್ ಜಾಲರಿಯಲ್ಲಿ ಮೈ ಉಜ್ಜುವುದು. ಕಂದು ಚರ್ಮ ತಿಕ್ಕಾಟಕ್ಕೂ ಮೆಲನಿನ್ ಮಾಡಿಯೇ ಉತ್ತರ ಕೊಡುತ್ತದೆ. ವರ್ಷಗಟ್ಟಲೆ ಉಜ್ಜಿದವರ ಬೆನ್ನಿನ ಮೇಲ್ಭಾಗ, ತೋಳು, ಮೊಣಕಾಲಿನ ಕೆಳಗೆ ಬೂದುಗಪ್ಪು ಬರುತ್ತದೆ. ಅದನ್ನು ಕೊಳೆ ಅಂದುಕೊಂಡು ಇನ್ನಷ್ಟು ಉಜ್ಜುತ್ತಾರೆ! ಕಡಲೆಹಿಟ್ಟು ಹಚ್ಚಿ ತೊಳೆಯುವುದರಿಂದ ತೊಂದರೆ ಇಲ್ಲ, ಒಣಗಿದ ಮೇಲೆ ಕಿತ್ತು ತಿಕ್ಕಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಕ್ರೀಮು. ಹದಿನೈದು ದಿನ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಗಾಗಿ, ಮುಖದ ಮೇಲೆ ಕೂದಲು ಬೆಳೆದು, ಬಿಟ್ಟರೆ ಉರಿ, ಹಚ್ಚಿದರೆ ಹಾಳು ಅನ್ನುವ ಸ್ಥಿತಿ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಅಂತ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಮುಖದ ಹತ್ತಿರ ತರಬೇಡಿ.

ಮಾತ್ರೆಗಳನ್ನೂ ನೋಡಿಕೊಳ್ಳಿ. ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಝೈಡ್ ಮುಂತಾದವು ಚರ್ಮವನ್ನು ಬಿಸಿಲಿಗೆ ಬೇಗ ಕೆರಳಿಸುತ್ತವೆ. ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಹಂತ 6: ಕಣ್ಣಿನ ಲೆಕ್ಕ ಬೇರೆ

ಕಿಟಕಿ ಪಕ್ಕ ಕನ್ನಡಿ ಹಿಡಿದು ನಿಮ್ಮ ಕಣ್ಣು ನೋಡಿ. ನಡುವಿನ ಕಪ್ಪು ಚುಕ್ಕೆ ಪಾಪೆ. ಅದರ ಸುತ್ತಲಿನ ಬಣ್ಣದ ಉಂಗುರ ಐರಿಸ್. ಬೆಳಕಿಗೆ ತಿರುಗಿದರೆ ಪಾಪೆ ಕುಗ್ಗಿ ಉಂಗುರ ಅಗಲವಾಗುತ್ತದೆ. ಕಪ್ಪು ಅಂದುಕೊಂಡಿದ್ದ ಕಣ್ಣು ಜೇನಿನ ಬಣ್ಣಕ್ಕೆ ಕಾಣುತ್ತದೆ. "ಬಿಸಿಲಿಗೆ ಕಣ್ಣು ತಿಳಿಯಾಗುತ್ತೆ" ಅನ್ನುವ ಮಾತು ಹುಟ್ಟುವುದು ಇಲ್ಲಿಂದ. ಮೆಲನಿನ್ ಒಂದು ಚೂರೂ ಬದಲಾಗಿಲ್ಲ. ಹೆಚ್ಚು ಜಾಗದ ಮೇಲೆ ಬೆಳಕು ಬಿದ್ದಿದೆ, ಅಷ್ಟೇ.

ಐರಿಸ್‌ನಲ್ಲೂ ಮೆಲನೊಸೈಟ್ ಇವೆ. ಆದರೆ ಅವು ತಮ್ಮ ಬಣ್ಣವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ, ಯಾರಿಗೂ ಹಂಚುವುದಿಲ್ಲ, ಬಿಸಿಲು ಬಿತ್ತೆಂದು ಹೊಸದನ್ನು ಮಾಡಲು ಹೊರಡುವುದೂ ಇಲ್ಲ. ಅದಕ್ಕೇ ಕಣ್ಣು ಟ್ಯಾನ್ ಆಗುವುದಿಲ್ಲ. ಬೆಕ್ಕಿನ ಕಣ್ಣು ಅನ್ನುತ್ತೇವಲ್ಲ, ಅಲ್ಲಿ ಮೆಲನಿನ್ ಕಡಿಮೆ. ನೀಲಿ ಕಣ್ಣಿನಲ್ಲಿ ನೀಲಿ ಬಣ್ಣವೇ ಇಲ್ಲ. ಬೆಳಕು ಚದುರಿ ಹಾಗೆ ಕಾಣುತ್ತದೆ, ಆಕಾಶದ ಹಾಗೆ. ಮಗುವಿನ ಕಣ್ಣು ತಿಳಿಯಾಗಿ ಹುಟ್ಟಿ ಮೊದಲ ವರ್ಷದಲ್ಲಿ ಗಾಢವಾಗುವುದು ಉಂಟು. ಅದು ವಂಶವಾಹಿಯ ಕೆಲಸ. ಬಿಸಿಲಿಗೆ ಹಿಡಿದರೂ ಹಿಡಿಯದಿದ್ದರೂ ಆಗುವುದು ಆಗುತ್ತದೆ.

ಕಣ್ಣಿನ ಹಿಂಬದಿಯಲ್ಲೂ ಮೆಲನಿನ್ ಇದೆ. ಹಳೇ ಫಿಲಂ ಕ್ಯಾಮೆರಾದ ಒಳಗೆ ಕಪ್ಪು ಬಳಿದಿರುತ್ತಿದ್ದರಲ್ಲ, ಹಾಗೆ. ಅಡ್ಡಾದಿಡ್ಡಿ ಬೆಳಕನ್ನು ಹೀರಿಕೊಂಡು ಚಿತ್ರ ಸ್ಪಷ್ಟ ಮೂಡಲು ನೆರವಾಗುತ್ತದೆ. ಅದು ಹುಟ್ಟುವ ಮೊದಲೇ ತಯಾರಾದದ್ದು, ವಯಸ್ಸಾದಂತೆ ಕಡಿಮೆಯಾಗುತ್ತದೆ. ಹುಟ್ಟಿನಿಂದ ಮೆಲನಿನ್ ತೀರಾ ಕಡಿಮೆ ಇರುವ ಆಲ್ಬಿನಿಸಂನವರಿಗೆ ಬಿಸಿಲಿನಲ್ಲಿ ಕಣ್ಣು ಬಿಡಲಾಗದೇ ಇರುವುದು ಇದಕ್ಕೇ.

ಚರ್ಮ ಕಪ್ಪಾಗಿ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಕಣ್ಣು ಅದನ್ನೂ ಕೊಡುವುದಿಲ್ಲ. ಯುವಿಯನ್ನು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಲೆನ್ಸ್ ಹೀರಿಕೊಳ್ಳುತ್ತವೆ. ಅದಕ್ಕೆ ತೆರುವ ಬೆಲೆಯಲ್ಲಿ ಪೊರೆಯೂ ಒಂದು. ಬಿಳಿ ಭಾಗದಿಂದ ಕಾರ್ನಿಯಾ ಮೇಲಕ್ಕೆ ಹಬ್ಬುವ ಮಾಂಸದ ಪದರ ಇನ್ನೊಂದು, ಬಿಸಿಲು, ದೂಳಿನಲ್ಲಿ ದುಡಿಯುವವರಲ್ಲಿ ಜಾಸ್ತಿ.

ಕೂಲಿಂಗ್ ಗ್ಲಾಸ್ ಕೊಳ್ಳುವಾಗ ಯುವಿ 400 ಅಂತ ಇದೆಯಾ ನೋಡಿ. ಜಾತ್ರೆಯಲ್ಲಿ ತಂದ ಕಪ್ಪು ಗಾಜಿಗೆ ಯುವಿ ತಡೆ ಇಲ್ಲದಿದ್ದರೆ ಅದು ಬರಿಗಣ್ಣಿಗಿಂತ ಕೆಟ್ಟದ್ದು. ಕತ್ತಲಾಯಿತೆಂದು ಪಾಪೆ ಹಿಗ್ಗುತ್ತದೆ, ಹೆಚ್ಚು ಯುವಿ ಒಳಗೆ ಹೋಗುತ್ತದೆ. ಯುವಿ ಮೀಟರ್ ಇಟ್ಟಿರುವ ಕನ್ನಡಕದ ಅಂಗಡಿಯಲ್ಲಿ ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ವೆಲ್ಡಿಂಗ್ ಕಿಡಿಯನ್ನು ಬರಿಗಣ್ಣಲ್ಲಿ ನೋಡಿದರೆ ಆಗ ಏನೂ ಆಗುವುದಿಲ್ಲ. ಕೆಲವು ಗಂಟೆ ಕಳೆದು, ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ ಶುರು.

ಗ್ಲೌಕೋಮಾ ಎಂಬ ಕಣ್ಣಿನ ಕಾಯಿಲೆಗೆ ಕೊಡುವ ಲಟನೊಪ್ರೋಸ್ಟ್ ಜಾತಿಯ ಹನಿಗಳು ಐರಿಸ್ ಬಣ್ಣವನ್ನು ನಿಜಕ್ಕೂ ಗಾಢ ಮಾಡಬಲ್ಲವು, ಅದು ಮರಳುವುದಿಲ್ಲ. ನಮ್ಮ ಗಾಢ ಕಂದು ಕಣ್ಣಿನಲ್ಲಿ ಗೊತ್ತಾಗುವುದು ಕಡಿಮೆ.

ಹಂತ 7: ಬಿಸಿಲಿನದ್ದಲ್ಲದ ಕಪ್ಪನ್ನು ಬೇರೆ ಮಾಡಿ

ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಅದು ಟ್ಯಾನ್ ಅಲ್ಲ. ಕಂಕುಳಿಗೆ ಬಿಸಿಲೆಲ್ಲಿ ಬೀಳುತ್ತದೆ? ಬಹಳ ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ ಅದು. ಕ್ರೀಮು ಬಿಟ್ಟು ಶುಗರ್ ಟೆಸ್ಟ್ ಮಾಡಿಸಿ.

ಕಣ್ಣಿನ ಬಿಳಿಯಲ್ಲಿ ಎರಡೂ ಕಡೆ ಹಳೆಯ ಕಂದು ಮಬ್ಬು ನಮ್ಮಲ್ಲಿ ಸಾಮಾನ್ಯ. ಒಂದೇ ಕಣ್ಣಲ್ಲಿ ಹೊಸದಾಗಿ ಬಂದು ಬೆಳೆಯುತ್ತಿದ್ದರೆ, ಅಥವಾ ಒಂದೇ ಕಣ್ಣಿನ ಬಣ್ಣ ಬದಲಾದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಅಂಗಾಲು, ಅಂಗೈಯಲ್ಲಿ ಆಕಾರ ಕೆಟ್ಟು ಹರಡುವ ಮಚ್ಚೆ, ಒಂದೇ ಉಗುರಿನಲ್ಲಿ ಉದ್ದಕ್ಕೆ ಬಂದು ಅಗಲವಾಗುತ್ತಿರುವ ಕಪ್ಪು ಗೆರೆ, ಇವನ್ನೂ ತಡಮಾಡದೆ ತೋರಿಸಬೇಕು. ಕಂದು ಚರ್ಮದವರಿಗೆ ಮೆಲನೋಮಾ ಎಂಬ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಇಂಥ ಬಿಸಿಲು ಬೀಳದ ಜಾಗದಲ್ಲೇ ಬರುತ್ತದೆ.

ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಆ ಫೋಟೊಗಳು ಮೊಬೈಲಿನಲ್ಲಿರಲಿ. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ, ಖಾಲಿಯಾದದ್ದನ್ನೂ. "ಹೆಸರು ನೆನಪಿಲ್ಲ ಸಾರ್, ಬಿಳಿ ಟ್ಯೂಬು, ನೀಲಿ ಮುಚ್ಚಳ" ಅಂದರೆ ಅವರಿಗೂ ಏನೂ ಗೊತ್ತಾಗುವುದಿಲ್ಲ.